ಏಳು ಮಿಲಿಮೀಟರ್ ಗಡ್ಡೆ: ಕಾಯುವುದೆಂದು ನಾನು ತೀರ್ಮಾನಿಸಿದ್ದು ಹೇಗೆ

ವರದಿಯ ಕೊನೆಯಲ್ಲಿ ಇದ್ದದ್ದು ಇಷ್ಟೇ: ಎಡಗಡೆಯ ಒಳಕಿವಿಯ ನಾಳದಲ್ಲಿ 7 ಮಿ.ಮೀ. ಗಾತ್ರದ ಗಡ್ಡೆ, ಬಹುಶಃ ವೆಸ್ಟಿಬ್ಯುಲರ್ ಶ್ವಾನೋಮಾ. ಅಕೌಸ್ಟಿಕ್ ನ್ಯೂರೋಮಾ ಎಂಬುದು ಅದರ ಹಳೆಯ ಹೆಸರು. ಶಿವಮೊಗ್ಗದಲ್ಲಿ ಎಂಆರ್‌ಐ ಮುಗಿಸಿ ತೀರ್ಥಹಳ್ಳಿಯ ಬಸ್ಸು ಹತ್ತಿದವಳು ಗಾಜನೂರು ದಾಟುವುದರೊಳಗೆ ಆ ಸಾಲನ್ನು ಬಾಯಿಪಾಠವಾಗುವಷ್ಟು ಓದಿದ್ದೆ. ಮಂಡಗದ್ದೆಯಿಂದ ಮುಂದೆ ಮೊಬೈಲಿಗೆ ಸಿಗ್ನಲ್ ಇರಲಿಲ್ಲ. ಇಲ್ಲದಿದ್ದದ್ದೇ ಒಳ್ಳೆಯದಾಯಿತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುವವಳು. ವಯಸ್ಸು ಐವತ್ತರ ಹತ್ತಿರ. ಮನೆಯ ಹಿಂದೆ ಸ್ವಲ್ಪ ಅಡಿಕೆ ತೋಟ. ತೊಂದರೆ ಮೊದಲು ಗೊತ್ತಾದದ್ದು ಫೋನಿನಲ್ಲಿ. ಎಡಗಿವಿಗೆ ಹಿಡಿದರೆ ಧ್ವನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ. ಜೊತೆಗೆ ಸದಾ ಒಂದು ಕಿರ್ರೆನ್ನುವ ಸದ್ದು. ನಮ್ಮ ಕಡೆ ಮಳೆಗಾಲದ ಮುಂಚೆ ಜೀರುಂಡೆ ಹಗಲೂ ರಾತ್ರಿ ಕೂಗುತ್ತವೆ. ಹೊರಗಿನದು ಯಾವುದು, ಒಳಗಿನದು ಯಾವುದು ಎಂದು ಕೆಲವು ತಿಂಗಳು ವಿಚಾರಿಸಲೇ ಹೋಗಲಿಲ್ಲ. ಮೊದಲು ತೋರಿಸಿದ ಕಡೆ ಗುಗ್ಗೆ ತೆಗೆದು ಕಳುಹಿಸಿದರು. ಎರಡನೆಯ ಕಿವಿ ವೈದ್ಯರು ಶ್ರವಣ ಪರೀಕ್ಷೆಯ ಕೋಣೆಗೆ ಕಳುಹಿಸಿದರು.

ಆ ಪರೀಕ್ಷೆಯ ಎರಡನೆಯ ಭಾಗವನ್ನು ನಾನು ಮರೆಯುವುದಿಲ್ಲ. ಕಿವಿಗೆ ಹೆಡ್‌ಫೋನ್ ಹಾಕಿ ಎರಡಕ್ಷರದ ಕನ್ನಡ ಪದಗಳನ್ನು ಒಂದೊಂದಾಗಿ ಹೇಳುತ್ತಾರೆ, ನಾವು ತಿರುಗಿ ಹೇಳಬೇಕು. ಬಲಗಿವಿಯಲ್ಲಿ ಒಂದೂ ತಪ್ಪಲಿಲ್ಲ. ಎಡಕ್ಕೆ ಬದಲಾಯಿಸಿದ ಮೇಲೆ ‘ಸೊಪ್ಪು’ ಎಂದದ್ದು ನನಗೆ ‘ಉಪ್ಪು’ ಆಯಿತು. ಸದ್ದು ಜೋರಾಗಿಯೇ ಬರುತ್ತಿತ್ತು. ಅರ್ಧದಷ್ಟು ಪದಗಳು ಮಾತ್ರ ಸರಿಯಾದವು. ಸದ್ದು ಕೇಳುವ ಮಟ್ಟಕ್ಕೂ ಮಾತು ಅರ್ಥವಾಗುವ ಮಟ್ಟಕ್ಕೂ ಹೀಗೆ ಅಂತರ ಇದ್ದು, ಅದೂ ಒಂದೇ ಕಿವಿಯಲ್ಲಿ ಇದ್ದರೆ ನರವನ್ನು ನೋಡಬೇಕು ಎಂದು ವೈದ್ಯರು ಎಂಆರ್‌ಐ ಬರೆದುಕೊಟ್ಟರು. ಒಂದೇ ಕಿವಿ ಮಂದವಾದವರು ‘ವಯಸ್ಸಾಯಿತು’ ಎಂದು ಸುಮ್ಮನಿರಬಾರದು ಎಂದು ಈಗ ಸಿಕ್ಕವರಿಗೆಲ್ಲ ಹೇಳುತ್ತೇನೆ. ವಯಸ್ಸು ಎರಡೂ ಕಿವಿಗೆ ಒಟ್ಟಿಗೇ ಆಗುತ್ತದಲ್ಲ.

ಇದು ಕ್ಯಾನ್ಸರ್ ಅಲ್ಲ. ನರಕ್ಕೆ ಹೊದಿಕೆಯಾಗಿರುವ ಶ್ವಾನ್ ಕೋಶಗಳು ಬೆಳೆದು ಆಗುವ ಗಡ್ಡೆ, ದೇಹದ ಬೇರೆ ಕಡೆಗೆ ಹರಡುವುದಿಲ್ಲ. ತೊಂದರೆ ಇರುವುದು ಜಾಗದಲ್ಲಿ. ಸುಮಾರು ಒಂದು ಸೆಂಟಿಮೀಟರ್ ಉದ್ದದ ಮೂಳೆಯ ಕಿರುನಾಳ. ಅದರೊಳಗೆ ಎಂಟನೆಯ ನರದ ಎರಡು ಬಗೆಯ ಕವಲುಗಳು, ಒಂದು ಕೇಳುವುದಕ್ಕೆ, ಇನ್ನೊಂದು ದೇಹದ ಸಮತೋಲನಕ್ಕೆ. ಅವುಗಳ ಮಗ್ಗುಲಲ್ಲೇ ಮುಖದ ಸ್ನಾಯುಗಳನ್ನು ಆಡಿಸುವ ಏಳನೆಯ ನರ. ಗಡ್ಡೆ ಹುಟ್ಟುವುದು ಸಾಮಾನ್ಯವಾಗಿ ಸಮತೋಲನದ ಕವಲಿನಲ್ಲಿ, ಪೆಟ್ಟು ಬೀಳುವುದು ಪಕ್ಕದ ಕೇಳುವ ಕವಲಿಗೆ.

ಮನೆಯಲ್ಲಿ ಮೊದಲ ವಾರ ತೀರ್ಮಾನಗಳು ನನ್ನನ್ನು ಬಿಟ್ಟೇ ಆಗುತ್ತಿದ್ದವು. ತಮ್ಮ ಬೆಂಗಳೂರಿನಿಂದ ಫೋನ್ ಮಾಡಿ, ‘ಅಕ್ಕಾ, ತಲೆಯೊಳಗೆ ಗಡ್ಡೆ ಇಟ್ಟುಕೊಂಡು ಕೂರುತ್ತಾರೆಯೇ? ತೆಗೆಸಿಬಿಡು’ ಎಂದ. ಅತ್ತೆಗೆ ನಾಟಿ ಔಷಧಿಯ ಮೇಲೆ ನಂಬಿಕೆ. ‘ಚಾಕು ಹಾಕಿಸುವುದು ಇದ್ದೇ ಇದೆ, ಮೊದಲು ಕಷಾಯ ಕುಡಿದು ನೋಡು ಮಾರಾಯ್ತಿ’ ಎಂದರು. ಔಷಧಿ ಕುಡಿದು ಗಡ್ಡೆ ನಿಂತವರ ಕತೆಗಳೂ ಬಂದವು. ನಾನು ಓದಿದ್ದರಲ್ಲಿ ಇದ್ದ ಮಾತೆಂದರೆ, ಇಂಥ ಚಿಕ್ಕ ಗಡ್ಡೆಗಳಲ್ಲಿ ಬಹಳಷ್ಟು ತಾವಾಗಿಯೇ ಬೆಳೆಯದೆ ನಿಲ್ಲುತ್ತವೆ. ಹಾಗಿದ್ದ ಮೇಲೆ ಯಾವ ಕಷಾಯ ಕುಡಿದರೂ ಕೀರ್ತಿ ಕಷಾಯಕ್ಕೇ. ಅತ್ತೆಗೆ ಇದನ್ನು ವಿವರಿಸಲು ಹೋಗಲಿಲ್ಲ. ನಮ್ಮವರು ಮಾತ್ರ, ‘ನಿನ್ನ ಕಿವಿ, ನೀನೇ ಲೆಕ್ಕ ಹಾಕು. ಎಲ್ಲಿಗೆ ಬೇಕಾದರೂ ಕರೆದುಕೊಂಡು ಹೋಗುತ್ತೇನೆ’ ಎಂದರು.

ದಾರಿಗಳು ಮೂರು. ಕಾದು ನೋಡುವುದು, ಗಡ್ಡೆಗೆ ವಿಕಿರಣ ಕೊಡುವ ರೇಡಿಯೋಸರ್ಜರಿ, ಶಸ್ತ್ರಚಿಕಿತ್ಸೆ. ಶಸ್ತ್ರಚಿಕಿತ್ಸೆ ಮಾಡುವವರನ್ನೂ ಕಂಡೆ, ವಿಕಿರಣ ಕೊಡುವವರನ್ನೂ ಕಂಡೆ. ಇಬ್ಬರೂ ಸಜ್ಜನರೇ. ಆದರೆ ತನ್ನ ಕೈಯ ಉಪಕರಣ ಯಾರಿಗಾದರೂ ಸ್ವಲ್ಪ ಹೆಚ್ಚು ಇಷ್ಟ ಎನ್ನುವುದನ್ನು ಲೆಕ್ಕಕ್ಕೆ ಹಿಡಿಯಲೇಬೇಕು. ಅದಕ್ಕೆ ಪ್ರಶ್ನೆಗಳನ್ನು ಹಾಳೆಯಲ್ಲಿ ಬರೆದುಕೊಂಡು ಇಬ್ಬರಿಗೂ ಅವನ್ನೇ ಕೇಳಿದೆ. ಈಗ ಮಾಡಿಸುವ ಬದಲು ಎರಡು ಮೂರು ವರ್ಷ ಬಿಟ್ಟು ಮಾಡಿಸಿದರೆ ಏನು ಕಳೆದುಕೊಳ್ಳುತ್ತೇನೆ? ಹತ್ತು ವರ್ಷದ ಮೇಲೆ ಈ ಕಿವಿಯ ಸ್ಥಿತಿ ಏನು? ನಿಮ್ಮ ಕೈಯಲ್ಲೇ ಇಂಥ ಎಷ್ಟು ರೋಗಿಗಳು ಆಗಿದ್ದಾರೆ, ಅವರ ಮುಖದ ನರ ಹೇಗಿದೆ? ಕೊನೆಯ ಪ್ರಶ್ನೆಗೆ ಒಬ್ಬರು ಸ್ವಲ್ಪ ಮುಖ ಗಂಟಿಕ್ಕಿದರು, ಉತ್ತರ ಮಾತ್ರ ಕೊಟ್ಟರು.

ಶಸ್ತ್ರಚಿಕಿತ್ಸೆಯಲ್ಲಿ ಗಡ್ಡೆ ಹೊರಗೆ ಬರುತ್ತದೆ, ಅದೊಂದು ನೆಮ್ಮದಿ. ಒಳಕಿವಿಯ ಮೂಲಕವೇ ಹೋಗುವ ವಿಧಾನದಲ್ಲಿ ಆ ಕಿವಿಯ ಶ್ರವಣ ಪೂರ್ತಿ ಹೋಗುತ್ತದೆ. ಕಿವಿಯ ಮೇಲ್ಭಾಗದಿಂದ ಅಥವಾ ಹಿಂಭಾಗದಿಂದ ಹೋಗುವ ವಿಧಾನಗಳಲ್ಲಿ ಉಳಿಸುವ ಪ್ರಯತ್ನ ಮಾಡಬಹುದು. ಗಡ್ಡೆ ಚಿಕ್ಕದಿದ್ದು ಶ್ರವಣ ಚೆನ್ನಾಗಿದ್ದಷ್ಟೂ ಆ ಪ್ರಯತ್ನ ಗೆಲ್ಲುವ ಸಂಭವ ಹೆಚ್ಚು. ನನ್ನ ಶ್ರವಣ ಆಗಲೇ ಅರ್ಧಕ್ಕೆ ಇಳಿದಿತ್ತು. ಆ ಕಡೆಯ ಸಮತೋಲನ ನರವನ್ನು ಕತ್ತರಿಸಿದ ಮೇಲೆ ಕೆಲವು ದಿನ ಜೋರಾಗಿ ತಲೆ ಸುತ್ತುತ್ತದೆ. ಮಿದುಳು ಮೆಲ್ಲಗೆ ಇನ್ನೊಂದು ಕಡೆಯಿಂದಲೇ ಸಂಭಾಳಿಸಲು ಕಲಿಯುತ್ತದೆ. ಬಯಲಿನ ರಸ್ತೆಯಲ್ಲಿ ನಡೆಯುವವರಿಗೆ ಅಷ್ಟು ಸಾಕು. ನಮ್ಮ ತೋಟಕ್ಕೆ ಹೋಗಬೇಕೆಂದರೆ ಹಳ್ಳಕ್ಕೆ ಅಡಿಕೆ ಮರದ ಸಂಕ. ಜುಲೈಯಲ್ಲಿ ಅದು ಪಾಚಿಗಟ್ಟಿರುತ್ತದೆ, ಸಂಜೆ ಆರಕ್ಕೇ ಕತ್ತಲೆ, ಕರೆಂಟು ಇರುವುದಿಲ್ಲ. ಸಮತೋಲನದ ಒಂದು ಅಂಗ ಕುಂಟಾದವರಿಗೆ ಕಣ್ಣೇ ಆಧಾರ, ಕತ್ತಲೆಯಲ್ಲಿ ಅದೂ ಇಲ್ಲ. ಇದನ್ನು ಹೇಳಿದಾಗ ಶಸ್ತ್ರವೈದ್ಯರು ಪೆನ್ನು ಕೆಳಗಿಟ್ಟು, ‘ನೀವು ದಿನಾ ದಾಟುವ ಸಂಕ ಎಷ್ಟು ಅಗಲ ಇದೆಯಮ್ಮಾ?’ ಎಂದು ಕೇಳಿದರು. ಎರಡು ಮರ ಜೋಡಿಸಿದಷ್ಟು ಎಂದೆ. ಆ ಪ್ರಶ್ನೆ ಕೇಳಿದ್ದಕ್ಕೆ ಅವರ ಮೇಲೆ ಗೌರವ ಬಂತು.

ರೇಡಿಯೋಸರ್ಜರಿಗೆ ಗಾಮಾ ನೈಫ್ ಎಂದು ಹೆಸರಿದ್ದರೂ ಚಾಕು ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ 1960ರ ದಶಕದಲ್ಲಿ ರೂಪಿಸಿದ ಯಂತ್ರ. ಕೋಬಾಲ್ಟ್‌ನಿಂದ ಹೊರಟ ಸುಮಾರು ಇನ್ನೂರು ಸಣ್ಣ ಕಿರಣಗಳು ಗಡ್ಡೆಯಲ್ಲಿ ಮಾತ್ರ ಒಂದುಗೂಡುತ್ತವೆ. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಸೌಲಭ್ಯ ಇದೆ. ಗಡ್ಡೆಯ ಅಂಚಿಗೆ ಈಗ ಸಾಮಾನ್ಯವಾಗಿ ಕೊಡುವುದು 12ರಿಂದ 13 ಗ್ರೇ (ವಿಕಿರಣವನ್ನು ಅಳೆಯುವ ಮಾನ). ಗಡ್ಡೆ ಮಾಯವಾಗುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ನಿಲ್ಲುವುದು ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಜನರಲ್ಲಿ. ನಿಲ್ಲುವ ಮೊದಲು ಕೆಲವರಲ್ಲಿ ತಾತ್ಕಾಲಿಕವಾಗಿ ಊದಿಕೊಳ್ಳುವುದೂ ಉಂಟು. ಮುಖದ ನರಕ್ಕೆ ಅಪಾಯ ತೀರ ಕಡಿಮೆ. ಆದರೆ ಶ್ರವಣ ವರ್ಷಗಳು ಕಳೆದಂತೆ ಇಳಿಯುತ್ತಲೇ ಹೋಗುತ್ತದೆ.

ಇಲ್ಲಿಗೆ ಬಂದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಎಡಗಿವಿ ಯಾವ ದಾರಿ ಹಿಡಿದರೂ ನನಗೆ ಬಹಳ ಕಾಲ ಉಳಿಯುವ ಹಾಗಿಲ್ಲ. ಆದ್ದರಿಂದ ಕಿವಿ ಉಳಿಸುವುದಕ್ಕೆ ಯಾವುದು ಒಳ್ಳೆಯದು ಎಂದು ಕೇಳುವುದನ್ನು ಬಿಟ್ಟೆ. ನಾನು ಉಳಿಸಿಕೊಳ್ಳಬೇಕಾದದ್ದು ಮುಖ ಮತ್ತು ನಡಿಗೆ. ಎರಡೂ ಆಗ ನೆಟ್ಟಗಿದ್ದವು. ನೆಟ್ಟಗಿದ್ದದ್ದನ್ನು ಮುಟ್ಟಲು ಗಡ್ಡೆ ಮೊದಲು ತಾನು ಬೆಳೆಯುತ್ತೇನೆಂದು ತೋರಿಸಲಿ.

ಬೆಳೆಯುವ ಸಂಭವ ಎಷ್ಟು ಎನ್ನುವುದಕ್ಕೆ ಎರಡು ಅಧ್ಯಯನ ಹಿಡಿದೆ. 2006ರಲ್ಲಿ ಪ್ರಕಟವಾದ ಡೆನ್ಮಾರ್ಕಿನದರಲ್ಲಿ 552 ರೋಗಿಗಳು. ನಾಳದೊಳಗೇ ಇದ್ದ ಗಡ್ಡೆಗಳಲ್ಲಿ ಹೊರಗೆ ಚಾಚಿದ್ದು ಶೇ. 17, ಅದೂ ಮೊದಲ ಐದು ವರ್ಷದೊಳಗೆ. ಗಮನಿಸಬೇಕು: ನಾಳದ ಒಳಗೊಳಗೇ ಹಿಗ್ಗಿದ್ದನ್ನು ಅವರು ಬೆಳವಣಿಗೆ ಎಂದು ಎಣಿಸಿಲ್ಲ. ವ್ಯಾಖ್ಯೆ ನೋಡದೆ ಶೇಕಡಾವಾರು ನೋಡಬಾರದು ಎಂದು ಮಕ್ಕಳಿಗೆ ಹೇಳುವುದನ್ನು ನನಗೂ ಹೇಳಿಕೊಂಡೆ. ಇನ್ನೊಂದು ನಾರ್ವೆಯದು, 2023ರಲ್ಲಿ ಜಾಮಾ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಬಂದದ್ದು. ಎರಡು ಸೆಂಟಿಮೀಟರಿಗಿಂತ ಚಿಕ್ಕ, ಹೊಸದಾಗಿ ಪತ್ತೆಯಾದ ಗಡ್ಡೆಯಿದ್ದ 100 ಜನರಲ್ಲಿ 50 ಮಂದಿಗೆ ಕೂಡಲೇ ರೇಡಿಯೋಸರ್ಜರಿ, 50 ಮಂದಿಗೆ ಕಾದು ನೋಡುವುದು, ಯಾರಿಗೆ ಯಾವುದು ಎಂಬುದು ಚೀಟಿ ಎತ್ತಿದಂತೆ. ನಾಲ್ಕು ವರ್ಷದ ಕೊನೆಗೆ ವಿಕಿರಣ ಪಡೆದವರ ಗಡ್ಡೆ ಸರಾಸರಿ ಕುಗ್ಗಿತ್ತು, ಕಾದವರದ್ದು ಹಿಗ್ಗಿತ್ತು. ಕಾದವರಲ್ಲಿ 22 ಜನಕ್ಕೆ ಆಮೇಲೆ ಚಿಕಿತ್ಸೆ ಕೊಡಬೇಕಾಯಿತು. ತಮ್ಮ ಈ 22ನ್ನೇ ಹಿಡಿದು ವಾದ ಮಾಡಿದ. ನಾನು ಉಳಿದ 28ನ್ನು ತೋರಿಸಿದೆ. ಅದಕ್ಕಿಂತ ಮುಖ್ಯವಾಗಿ, ಶ್ರವಣದಲ್ಲಿ ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಕಾದದ್ದಕ್ಕೆ ಅವರು ದಂಡ ತೆತ್ತಿರಲಿಲ್ಲ.

ಮೂವತ್ತರ ವಯಸ್ಸಿನವಳಾಗಿ, ಶ್ರವಣ ಪೂರ್ತಿ ಇದ್ದು ಇದೇ ಗಡ್ಡೆ ಬಂದಿದ್ದರೆ ನನ್ನ ಲೆಕ್ಕ ಬೇರೆ ಆಗುತ್ತಿತ್ತು. ಗಡ್ಡೆ ಮೂರು ಸೆಂಟಿಮೀಟರ್ ದಾಟಿ ಮಿದುಳಕಾಂಡವನ್ನು ಒತ್ತುತ್ತಿದ್ದರೆ ಲೆಕ್ಕವೇ ಇಲ್ಲ, ಶಸ್ತ್ರಚಿಕಿತ್ಸೆಯೇ. ಎರಡೂ ಕಿವಿಗೆ ಬಂದಿದ್ದರೆ ಅದು ವಂಶವಾಹಿಯ ಬೇರೆಯೇ ಕಾಯಿಲೆ.

ಕಾಯುವುದೆಂದರೆ ಮರೆತುಬಿಡುವುದಲ್ಲ. ಏನಾದರೆ ಮನಸ್ಸು ಬದಲಿಸುತ್ತೇನೆ ಎಂಬುದನ್ನು ಮೊದಲೇ ಬರೆದು ವೈದ್ಯರಿಗೂ ಒಂದು ಪ್ರತಿ ಕೊಟ್ಟೆ. ಮೊದಲ ಸ್ಕ್ಯಾನಿಗಿಂತ ಎರಡು ಮಿಲಿಮೀಟರ್ ಅಥವಾ ಹೆಚ್ಚು ಬೆಳೆದರೆ ಗಾಮಾ ನೈಫ್. ಮುಖ ಮರಗಟ್ಟಿದರೆ, ನಡಿಗೆ ತಪ್ಪತೊಡಗಿದರೆ ಕೂಡಲೇ ಹೊಸ ಸ್ಕ್ಯಾನ್. ಶ್ರವಣ ಇಳಿದರೆ? ಅದೊಂದೇ ಕಾರಣಕ್ಕೆ ಚಿಕಿತ್ಸೆ ಇಲ್ಲ, ಶ್ರವಣಯಂತ್ರ.

‘ಮೊದಲ ಸ್ಕ್ಯಾನಿಗಿಂತ’ ಎಂಬ ಮಾತಿಗೆ ಬೆಲೆ ಇದೆ. ಪ್ರತಿ ಸಲ ಹಿಂದಿನ ಸ್ಕ್ಯಾನಿಗೇ ಹೋಲಿಸಿದರೆ ವರ್ಷಕ್ಕೊಂದು ಮಿಲಿಮೀಟರ್ ಬೆಳೆದರೂ ಪ್ರತಿ ವರದಿಯಲ್ಲೂ ‘ಗಮನಾರ್ಹ ಬದಲಾವಣೆ ಇಲ್ಲ’ ಎಂದೇ ಬರುತ್ತದೆ. ಆರು ತಿಂಗಳ ಮೇಲಿನ ಸ್ಕ್ಯಾನ್ ಬೇರೆ ಕಡೆ ಮಾಡಿಸಬೇಕಾಯಿತು, ಅಲ್ಲಿ 8 ಮಿ.ಮೀ. ಎಂದು ಬರೆದರು. ರಾತ್ರಿ ನಿದ್ದೆ ಬರಲಿಲ್ಲ. ಮೊದಲಿನ ಸಿಡಿಯನ್ನೂ ಹೊಸದನ್ನೂ ಒಟ್ಟಿಗೆ ಒಬ್ಬರೇ ರೇಡಿಯಾಲಜಿಸ್ಟ್‌ಗೆ ತೋರಿಸಿದಾಗ, ಅವರು ಎರಡನ್ನೂ ಒಂದೇ ಅಕ್ಷದಲ್ಲಿ ಅಳೆದು, ವ್ಯತ್ಯಾಸ ಅಳತೆಯ ಅಂಚಿನೊಳಗೇ ಇದೆ ಎಂದರು. ಕಾಗದದ ವರದಿಗಿಂತ ಸಿಡಿ ಮುಖ್ಯ. ಈಗ ವರ್ಷಕ್ಕೊಮ್ಮೆ ಒಂದೇ ಕಡೆ ಹೋಗುತ್ತೇನೆ. ಗಡ್ಡೆ ಎದ್ದು ಕಾಣಲೆಂದು ಕೊಡುವ ಕಾಂಟ್ರಾಸ್ಟ್ ಔಷಧಿಯನ್ನು ಪ್ರತಿ ಸಲ ಚುಚ್ಚಬೇಕೆಂದೂ ಇಲ್ಲ, ತೆಳು ಪದರಗಳ ಟಿ2 ಎಂಬ ಬಗೆಯ ಎಂಆರ್‌ಐ ಚಿತ್ರದಲ್ಲೇ ಗಾತ್ರ ತಿಳಿಯುತ್ತದೆ.

ಕೊನೆಯ ಸ್ಕ್ಯಾನಿನಲ್ಲಿ ಗಡ್ಡೆ ಅಷ್ಟೇ ಇತ್ತು. ಶ್ರವಣ ಮಾತ್ರ ಇನ್ನಷ್ಟು ಇಳಿದಿತ್ತು. ಗಡ್ಡೆ ಬೆಳೆಯದೆಯೂ ಹೀಗಾಗುವುದುಂಟು. ‘ಈಗಲಾದರೂ ಮಾಡಿಸೋಣವೇ?’ ಎಂದು ನಮ್ಮವರು ಕೇಳಿದರು. ಬರೆದಿಟ್ಟ ಹಾಳೆ ತೆಗೆದು ತೋರಿಸಿದೆ. ಹೆದರಿಕೆಯಾದ ದಿನ ಹೊಸದಾಗಿ ಯೋಚಿಸುವ ಕಷ್ಟ ತಪ್ಪಿತು.

ತೊಂದರೆ ಇಲ್ಲವೆಂದಲ್ಲ. ಕೊಯ್ಲಿನ ಕಾಲದಲ್ಲಿ ರಾತ್ರಿ ಎಲ್ಲರೂ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುವಾಗ ಮಾತು ಎಲ್ಲ ದಿಕ್ಕಿನಿಂದ ಬರುತ್ತದೆ, ನನಗೆ ಅರ್ಧ ಸಿಗುತ್ತದೆ. ಎಲ್ಲರೂ ನಕ್ಕ ಮೇಲೆ ಪಕ್ಕದವಳನ್ನು ಕೇಳಿ ಆಮೇಲೆ ನಗುತ್ತೇನೆ. ಸದ್ದು ಯಾವ ಕಡೆಯಿಂದ ಬಂತೆಂದೂ ತಿಳಿಯುವುದಿಲ್ಲ. ತಿರುವಿನಲ್ಲಿ ಹಾರ್ನ್ ಕೇಳಿದರೆ ಎರಡೂ ಕಡೆ ನೋಡುತ್ತೇನೆ. ತರಗತಿಯಲ್ಲಿ ಕಿಟಕಿಯ ಗೋಡೆಗೆ ಎಡಗಿವಿ ಮಾಡಿ ನಿಲ್ಲುತ್ತೇನೆ, ಉತ್ತರ ಹೇಳುವ ಮಗು ಎದ್ದು ನಿಂತು ಹೇಳಬೇಕೆಂಬುದು ನಿಯಮ. ಎಡಗಡೆಯ ಸದ್ದನ್ನು ಹಿಡಿದು ಬಲಗಿವಿಗೆ ದಾಟಿಸುವ ಕ್ರಾಸ್ ಎಂಬ ಯಂತ್ರ ಇದೆ. ಅದನ್ನು ಹಾಕಿ ನೋಡಲು ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಹೋಗುವುದೆಂದು ಆಗಿದೆ. ದಸರಾ ರಜೆಯಲ್ಲಿ ಹೋಗೋಣವೆಂದರೆ ಮೈಸೂರಿನಲ್ಲಿ ಆಗ ಜನಜಾತ್ರೆ, ಆಮೇಲೆ ಕೊಯ್ಲು. ಅದರ ಮೊದಲೇ ಎರಡು ದಿನ ರಜೆ ಬರೆದುಕೊಟ್ಟಿದ್ದೇನೆ.