ಕೆಮ್ಮಿದರೆ ಮೂತ್ರ ಸೋರುತ್ತಾ? ಆಸ್ಪತ್ರೆಗೆ ಹೋಗುವ ಮೊದಲು ಒಂದು ನೋಟ್‌ಬುಕ್ ತೆಗೆದಿಡಿ

ಕೋಲಾರದಿಂದ ಬೆಂಗಳೂರಿಗೆ ಬಸ್ಸಲ್ಲಿ ಹೆಚ್ಚು ಕಡಿಮೆ ಎರಡು ಗಂಟೆ. ಆ ಎರಡು ಗಂಟೆಗಾಗಿ ನಮ್ಮ ಚಿಕ್ಕಮ್ಮ ಹಿಂದಿನ ರಾತ್ರಿಯಿಂದಲೇ ನೀರು ಮುಟ್ಟುತ್ತಿರಲಿಲ್ಲ. ಕೇಳಿದರೆ 'ಹೊಟ್ಟೆ ಸರಿ ಇಲ್ಲ' ಅನ್ನುತ್ತಿದ್ದರು. ನಿಜ ಗೊತ್ತಾಗಿದ್ದು ಮಾಲೂರಿನ ಒಂದು ಮದುವೆಯಲ್ಲಿ. ಯಾರೋ ಏನೋ ತಮಾಷೆ ಮಾಡಿದರು, ಎಲ್ಲರೂ ಬಿದ್ದು ಬಿದ್ದು ನಕ್ಕರು. ಆಮೇಲೆ ಎರಡು ಪಂಕ್ತಿ ಊಟ ಮುಗಿದರೂ ಚಿಕ್ಕಮ್ಮ ಕುರ್ಚಿ ಬಿಟ್ಟು ಏಳಲಿಲ್ಲ. ಸೀರೆ ಒದ್ದೆಯಾಗಿತ್ತು.

ತೋರಿಸಿದ ಮೊದಲ ಕ್ಲಿನಿಕ್ಕಿನಲ್ಲಿ 'ವಯಸ್ಸಾಯ್ತಲ್ಲಮ್ಮ, ಮೂರು ಹೆರಿಗೆ ಬೇರೆ' ಅಂದು ಕಳಿಸಿದರು. ಸಿಟ್ಟು ಬಂತು. ಆದರೆ ಚಿಕ್ಕಮ್ಮ ಬಾಯಿ ಬಿಟ್ಟಿದ್ದಾದರೂ ಎಷ್ಟು? 'ಕೆಳಗೆ ಸ್ವಲ್ಪ ತೊಂದರೆ', ಅಷ್ಟೇ. ಅದಕ್ಕೇ ನಾನು ನೋಟ್‌ಬುಕ್‌ನಿಂದ ಶುರು ಮಾಡಿ ಅನ್ನುವುದು.

ಮೂರು ದಿನದ ಲೆಕ್ಕ

ಹಗಲು ರಾತ್ರಿ ಸೇರಿ ಮೂರು ದಿನ ಬರೆಯಿರಿ. ನಾಲ್ಕು ಕಾಲಂ ಸಾಕು: ಸಮಯ, ಕುಡಿದದ್ದು, ಹೋದದ್ದು, ಸೋರಿದ್ದು. ಅಳತೆಗೆ ಬೇಡದ ಪ್ಲಾಸ್ಟಿಕ್ ಜಗ್ ಒಂದಕ್ಕೆ ಅರ್ಧ ಲೀಟರ್ ನೀರು ಸುರಿದು ಗೆರೆ ಎಳೆದುಕೊಳ್ಳಿ. ಚಿಕ್ಕಮ್ಮನ ಪುಸ್ತಕದಲ್ಲಿ ಹೀಗಿತ್ತು: '6.10, ಟೀ ಒಂದು ಲೋಟ. 6.40, ಹಾಲಿನ ಕ್ಯಾನ್ ಎತ್ತಿದಾಗ ಸೋರಿತು. 7.15, ಹಾಲಿನ ಡೈರಿಯಲ್ಲಿ ಕೆಮ್ಮು, ಲಂಗ ಒದ್ದೆ.'

ಡಾಕ್ಟರಿಗೆ ಇದು ದೊಡ್ಡ ಸುಳಿವು. ಕೆಮ್ಮಿದಾಗ, ಸೀನಿದಾಗ, ಭಾರ ಎತ್ತಿದಾಗ ಸೋರಿದರೆ ಸಾಮಾನ್ಯವಾಗಿ ಮೂತ್ರಕೋಶವನ್ನು ಕೆಳಗಿನಿಂದ ಹಿಡಿದಿರುವ ಸ್ನಾಯು ಸಡಿಲವಾಗಿದೆ ಅಂತ. ದಿಢೀರನೆ ಬಂದು, ಬಚ್ಚಲಿಗೆ ಹೋಗುವಷ್ಟರಲ್ಲಿ ಆಗಿಬಿಟ್ಟರೆ ಅದು ಮೂತ್ರಕೋಶದ ಅವಸರ. ಎಷ್ಟು ಸಲ ಹೋದರೂ ಪೂರ್ತಿ ಖಾಲಿಯಾಗದೆ ಹನಿ ಹನಿ ಬರುತ್ತಿದ್ದರೆ ವಯಸ್ಸಾದ ಗಂಡಸರಲ್ಲಿ ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ನೋಡಬೇಕು, ಶುಗರ್ ಇದ್ದವರಲ್ಲಿ ನರ ನೋಡಬೇಕು. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಪಕ್ಕದ ಮನೆಯವರ ಮಾತ್ರೆ ನಿಮಗೆ ಆಗಿಬರುವುದಿಲ್ಲ.

ಪುಸ್ತಕದ ಕೊನೆಯ ಪುಟದಲ್ಲಿ ನೀವು ತಿನ್ನುವ ಮಾತ್ರೆಗಳ ಹೆಸರು ಬರೆಯಿರಿ. ಬಿಪಿಯ ಕೆಲವು ಮಾತ್ರೆಗಳು ಮೂತ್ರ ಜಾಸ್ತಿ ಮಾಡುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ. ನೀರನ್ನೂ ಬಿಡಬೇಡಿ. ಗಟ್ಟಿಯಾದ ಮೂತ್ರ ಮೂತ್ರಕೋಶವನ್ನು ಕೆರಳಿಸುತ್ತದೆ, ಮಲಬದ್ಧತೆಯೂ ಸೇರಿಕೊಳ್ಳುತ್ತದೆ. ಕಡಿಮೆ ಮಾಡುವುದಿದ್ದರೆ ಟೀ, ಕಾಫಿ ಮಾಡಿ.

ಎಲ್ಲಿಗೆ ಹೋಗುವುದು?

ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಿಂದಲೇ ಶುರು ಮಾಡಬಹುದು. ಮೂತ್ರ ಪರೀಕ್ಷೆ, ಶುಗರ್ ಪರೀಕ್ಷೆ ಮೊದಲು ಆಗಬೇಕು. ಮೂತ್ರದ ಸೋಂಕು ಒಂದೇ ಕಾರಣವಾಗಿದ್ದರೆ ಮಾತ್ರೆಗೇ ಹೋಗುತ್ತದೆ. ಎದುರಿಗೆ ಹೇಳಲು ನಾಚಿಕೆಯಾದರೆ ಆಶಾ ಕಾರ್ಯಕರ್ತೆಗೆ ಹೇಳಿ, ಅಥವಾ ಸರ್ಕಾರದ ಆರೋಗ್ಯ ಸಹಾಯವಾಣಿ 104ಕ್ಕೆ ಫೋನ್ ಮಾಡಿ.

ಮುಂದಿನದು ಕೋಲಾರದ ಎಸ್‌.ಎನ್‌.ಆರ್‌. ಜಿಲ್ಲಾಸ್ಪತ್ರೆ, ಇಲ್ಲವೇ ಟಮಕದ ಆರ್‌.ಎಲ್‌. ಜಾಲಪ್ಪ ಆಸ್ಪತ್ರೆ. ಚೀಟಿ ಮಾಡಿಸುವಾಗ ಹೆಂಗಸರು ಸ್ತ್ರೀರೋಗ ವಿಭಾಗ ಅನ್ನಿ, ಗಂಡಸರು ಸರ್ಜರಿ ಅನ್ನಿ. ಮೂತ್ರದ ತೊಂದರೆ ನೋಡುವ ಯುರಾಲಜಿ ಡಾಕ್ಟರ್ ಯಾವ ದಿನ ಸಿಗುತ್ತಾರೆ ಅಂತ ಅಲ್ಲೇ ಕೇಳಿ. ಬೆಂಗಳೂರಿಗೇ ಹೋಗಬೇಕಾಗಿ ಬಂದರೆ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಕಿಡ್ನಿ, ಮೂತ್ರದ ಕಾಯಿಲೆ ನೋಡುವ ಸರ್ಕಾರದ ನೆಫ್ರೋ ಯುರಾಲಜಿ ಸಂಸ್ಥೆ ಇದೆ. ಆಧಾರ್, ರೇಷನ್ ಕಾರ್ಡ್, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಜೊತೆಗಿರಲಿ.

ಡಾಕ್ಟರ್ ಮುಂದೆ ಕೂತಾಗ ಮಾತು ಹೊರಡದಿದ್ದರೆ ಪುಸ್ತಕ ಮುಂದಿಡಿ. ಚಿಕ್ಕಮ್ಮ ಹಾಗೇ ಮಾಡಿದರು. ಡಾಕ್ಟರಮ್ಮ ಎರಡು ಪುಟ ತಿರುವಿ, 'ಎಷ್ಟು ವರ್ಷದಿಂದ?' ಅಂದರು. 'ಎಂಟು' ಅಂದರು ಚಿಕ್ಕಮ್ಮ. ನಮಗೇ ಗೊತ್ತಿರಲಿಲ್ಲ. ಒಳಗೆ ಪರೀಕ್ಷೆ ಮಾಡುವಾಗ ಕೆಮ್ಮಲು ಹೇಳುತ್ತಾರೆ. ಸೋರಿದರೆ ಸೋರಲಿ, ಅದನ್ನು ನೋಡಲಿಕ್ಕೇ ಕೆಮ್ಮಿಸುವುದು. ಮೂತ್ರ ಮಾಡಿ ಬಂದ ಮೇಲೆ ಒಳಗೆ ಎಷ್ಟು ಉಳಿದಿದೆ ಅಂತ ಸ್ಕ್ಯಾನಿಂಗ್‌ನಲ್ಲಿ ನೋಡಬಹುದು. ಗರ್ಭಕೋಶ ಜಾರಿದ್ದರೂ ಒಳಗಿನ ಪರೀಕ್ಷೆಯಲ್ಲೇ ಗೊತ್ತಾಗುತ್ತದೆ.

ಎರಡಕ್ಕೆ ತಡೆಯಲು ಆಗದಿದ್ದರೆ

ಇದನ್ನಂತೂ ಜನ ಗಂಡ ಹೆಂಡತಿಗೂ ಹೇಳಿಕೊಳ್ಳುವುದಿಲ್ಲ. ಒಂದು ವಿಚಿತ್ರ ಗೊತ್ತಿರಲಿ. ತುಂಬಾ ದಿನದ ಮಲಬದ್ಧತೆಯಲ್ಲಿ ಗಟ್ಟಿ ಮಲ ಒಳಗೇ ಸಿಕ್ಕಿಕೊಂಡು, ಅದರ ಪಕ್ಕದಿಂದ ನೀರಾಗಿ ಸೋರುತ್ತದೆ. ಮನೆಯವರು ಭೇದಿ ಅಂದುಕೊಂಡು ಅದು ನಿಲ್ಲುವ ಮಾತ್ರೆ ಕೊಡುತ್ತಾರೆ. ಇನ್ನಷ್ಟು ಕಟ್ಟಿಕೊಳ್ಳುತ್ತದೆ. ಹೆರಿಗೆಯಲ್ಲಿ ಹಿಂದೆ ಮಲದ್ವಾರದವರೆಗೂ ಹರಿದು ಹೊಲಿಗೆ ಹಾಕಿದ್ದರೆ, ಪೈಲ್ಸ್ ಆಪರೇಷನ್ ಆಗಿದ್ದರೆ ಅದನ್ನು ತಪ್ಪದೆ ಹೇಳಿ. ಎಷ್ಟೋ ವರ್ಷದ ಮೇಲೂ ಅದು ಕಾರಣವಾಗಬಹುದು. ಡಾಕ್ಟರ್ ಗ್ಲೌಸ್ ಹಾಕಿ ಬೆರಳಿನಿಂದ ಪರೀಕ್ಷಿಸುತ್ತಾರೆ, ಒಂದು ನಿಮಿಷದ ಕೆಲಸ. ಹೆಂಗಸರು ಪಕ್ಕದಲ್ಲಿ ನರ್ಸ್ ಇರಲಿ ಅಂತ ಕೇಳಬಹುದು.

ವ್ಯಾಯಾಮ

ಚಿಕ್ಕಮ್ಮನಿಗೆ ಮೊದಲು ಕೊಟ್ಟದ್ದು ಮಾತ್ರೆ ಅಲ್ಲ, ಫಿಸಿಯೋಥೆರಪಿ ಚೀಟಿ. ನಾಲ್ಕು ಜನರ ನಡುವೆ ಗಾಳಿ ಹೋಗದಂತೆ ಬಿಗಿ ಹಿಡಿಯುತ್ತೀರಲ್ಲ, ಆ ಸ್ನಾಯುವಿಗೇ ಕೆಲಸ. ಬಿಗಿ ಹಿಡಿದು ಬಿಡುವುದು, ಒಂದು ಸಲಕ್ಕೆ 8 ಬಾರಿಯಾದರೂ, ದಿನಕ್ಕೆ ಮೂರು ಸಲ. ಉಸಿರು ಕಟ್ಟಬಾರದು, ಹೊಟ್ಟೆ, ತೊಡೆ ಬಿಗಿಯಬಾರದು. ಮೂತ್ರ ಮಾಡುತ್ತಾ ಮಧ್ಯೆ ತಡೆದು ಅಭ್ಯಾಸ ಮಾಡುವುದೂ ಬೇಡ. ಕಡೇಪಕ್ಷ ಮೂರು ತಿಂಗಳು ಬಿಡದೆ ಮಾಡಬೇಕು. ಹದಿನೈದು ದಿನಕ್ಕೇ 'ಏನೂ ಆಗಲಿಲ್ಲ' ಅಂತ ಬಿಡುವವರೇ ಜಾಸ್ತಿ. ಮೂರು ತಿಂಗಳಾದರೂ ಗುಣ ಕಾಣದಿದ್ದರೆ ಮತ್ತೆ ಹೋಗಿ. ಮಾತ್ರೆ, ಜಾರಿದ ಗರ್ಭಕೋಶಕ್ಕೆ ಆಸರೆಯಾಗಿ ಇಡುವ ರಿಂಗ್, ಆಪರೇಷನ್ ಎಲ್ಲವೂ ಇವೆ.

ಕೆಲವಕ್ಕೆ ನೋಟ್‌ಬುಕ್ ಬರೆಯುತ್ತಾ ಕೂರಬೇಡಿ. ಮೂತ್ರ ಪೂರ್ತಿ ಕಟ್ಟಿಕೊಂಡರೆ, ಅಥವಾ ಕಾಲಿನಲ್ಲಿ ಬಲ ಇಳಿದು ತೊಡೆಸಂದಿ ಜೋಮು ಹಿಡಿದಂತಾಗಿ ಹಿಡಿತ ತಪ್ಪಿದರೆ ಆ ಗಳಿಗೆಗೇ ಆಸ್ಪತ್ರೆಗೆ ಹೋಗಬೇಕು. ಚಳಿ ಜ್ವರ ಬಂದರೆ, ಮೂತ್ರದಲ್ಲೋ ಮಲದಲ್ಲೋ ರಕ್ತ ಕಂಡರೆ, ಹೆರಿಗೆಯಾದ ಮೇಲೆ ಹಗಲೂ ರಾತ್ರಿ ನಿಲ್ಲದೆ ಸೋರುತ್ತಿದ್ದರೆ ಮುಂದಿನ ವಾರ ನೋಡೋಣ ಅನ್ನಬೇಡಿ.