ಎದೆ ಬ್ರೇಸ್‌ನೊಳಗೆ ಲಾಗರ್ ಇಟ್ಟು ಗಂಟೆ ಲೆಕ್ಕ ಹಿಡಿದಿದ್ದು – ನನ್ನ ಅನುಭವ

ಪೆಕ್ಟಸ್ ಕ್ಯಾರಿನೇಟಮ್ (ಎದೆಮೂಳೆ ಮುಂದಕ್ಕೆ ಉಬ್ಬಿರೋದು, ಅದನ್ನ ಒತ್ತಿ ಸಮ ಮಾಡೋಕೆ ಬ್ರೇಸ್ ಹಾಕ್ತೀವಿ) ಇರೋ ಮಕ್ಕಳ ಕೇಸ್‌ಶೀಟ್‌ನಲ್ಲಿ "ಬ್ರೇಸ್ ಫೇಲ್" ಅಂತ ಬರೆದು ಸರ್ಜರಿಗೆ ಕಳಿಸ್ತೀವಲ್ಲ, ಅದ್ರಲ್ಲಿ ಎಷ್ಟೋ ಕೇಸಲ್ಲಿ ಬ್ರೇಸ್ ಫೇಲೇ ಆಗಿರಲ್ಲ, ಬ್ರೇಸ್ ಮೈಮೇಲೇ ಇರಲ್ಲ. ಇದನ್ನ ನಾನು ಹೇಳೋಕೆ ಶುರು ಮಾಡಿದಾಗ ಸೀನಿಯರ್‌ಗಳೆಲ್ಲ ತಲೆ ಅಲ್ಲಾಡಿಸಿದ್ರು. ಒಬ್ರಂತೂ ಹದಿಮೂರು ಹದಿನಾಲ್ಕು ವರ್ಷದ ಹುಡುಗ್ರು ಬ್ರೇಸ್ ಹಾಕ್ಕೊಳ್ಳೋದೂ ಒಂದೇ ಹಾಕ್ಕೊಳ್ದೇ ಇರೋದೂ ಒಂದೇ, ಸುಮ್ನೆ ಟೈಮ್ ವೇಸ್ಟು, ನೇರವಾಗಿ ರಾವಿಚ್ (ಎದೆಮೂಳೆ ಸರಿ ಮಾಡೋ ಓಪನ್ ಆಪರೇಷನ್) ಮಾಡ್ಬಿಡಿ ಅಂದ್ರು. ಈಗ ಅವ್ರೇ ತಮ್ಮ ಪೇಷೆಂಟ್‌ಗಳನ್ನ ಲಾಗರ್ (ಯಾವ ಹೊತ್ತಲ್ಲಿ ಎಷ್ಟು ಬಿಸಿ ಇತ್ತು ಅಂತ ದಾಖಲಿಸೋ ಪುಟ್ಟ ಸಾಧನ) ಹಾಕಿಸ್ಕೊಳ್ಳೋಕೆ ನಮ್ಮ ಹತ್ರ ಕಳಿಸ್ತಾರೆ, ಅದಕ್ಕೇ ಇದನ್ನೆಲ್ಲ ಬರೀತಾ ಇದೀನಿ.

ಐಡಿಯಾ ನಂದೇ ಏನಲ್ಲ, ಸ್ಕೋಲಿಯೋಸಿಸ್ (ಬೆನ್ನುಮೂಳೆ ಪಕ್ಕಕ್ಕೆ ಬಾಗೋದು) ನೋಡೋರಿಂದ ಬಂದಿದ್ದು. 2013ರ ಬ್ರೇಸ್ಟ್ (BrAIST) ಟ್ರಯಲ್ ಎಲ್ರೂ ಓದಿರ್ತೀರ, ಬ್ರೇಸ್ ಗುಂಪಲ್ಲಿ 72% ಸಕ್ಸಸ್ (ಅಂದ್ರೆ ಬಾಗು ಸರ್ಜರಿ ಹಂತಕ್ಕೆ ಹೋಗ್ಲಿಲ್ಲ), ಸುಮ್ನೆ ನೋಡ್ತಾ ಕೂತ ಗುಂಪಲ್ಲಿ 48%. ಆದ್ರೆ ನನ್ನ ಹಿಡಿದು ನಿಲ್ಲಿಸಿದ್ದು ಆ ಹೆಡ್‌ಲೈನ್ ಅಲ್ಲ, ಒಳಗಿನ ಟೆಂಪರೇಚರ್ ಲಾಗರ್ ಡೇಟಾ. ದಿನಕ್ಕೆ ಆರು ಗಂಟೆ ಒಳಗೆ ಹಾಕ್ಕೊಂಡೋರ್ದು ಏನೂ ಹಾಕ್ಕೊಳ್ದೇ ಇದ್ದೋರಿಗಿಂತ ಉತ್ತಮ ಇರ್ಲಿಲ್ಲ, ಹದಿಮೂರು ಗಂಟೆ ದಾಟಿದೋರಲ್ಲಿ 90%ಗಿಂತ ಮೇಲೆ. ಬೆನ್ನಿಗೆ ಇಷ್ಟು ನೀಟಾಗಿ ಅಳೆದಿರುವಾಗ ಎದೆಗೆ ನಾವು ಯಾಕೆ ಇನ್ನೂ ಅಮ್ಮನ ಬಾಯಿ ಮಾತು, ಡೈರಿ ನಂಬ್ಕೊಂಡು ಕೂತಿದೀವಿ ಅನ್ನಿಸ್ತು.

ದುಡ್ಡಿನ ವಿಷಯ ಹೇಳ್ಬೇಕು. ಗ್ರಾಂಟ್ ಕೇಳಿದ ಕಡೆಯೆಲ್ಲ ಒಂದೇ ಉತ್ತರ, ಮೊದಲು ಮತ್ತು ಕೊನೆಗೆ ಸಿಟಿ ಸ್ಕ್ಯಾನ್ ಇಲ್ದಿದ್ರೆ ಔಟ್‌ಕಮ್ ಹೇಗೆ ನಂಬೋದು ಅಂತ. ಬ್ರೇಸ್ ಗುಣ ಮಾಡುತ್ತೋ ಇಲ್ವೋ ನೋಡೋಕೆ ಬೆಳೆಯೋ ಮಗುವಿನ ಎದೆಗೆ ಎರಡೆರಡು ಸಲ ರೇಡಿಯೇಷನ್ ಕೊಡೋಕೆ ನನಗೂ ಮನಸಿಲ್ಲ, ಎಥಿಕ್ಸ್ ಕಮಿಟೀನೂ ಒಪ್ಪಲ್ಲ. ಸಿಟಿ ಬಜೆಟ್ ತೆಗೆದು ಹಾಕಿದ್ರೆ ಇಡೀ ಸ್ಟಡಿ ಖರ್ಚು ಐದನೇ ಒಂದು ಭಾಗಕ್ಕೆ ಇಳಿಯುತ್ತೆ ಅಂತ ಲೆಕ್ಕ ತೋರಿಸಿದೆ, ಆಗ ಇಷ್ಟು ಕಮ್ಮಿ ದುಡ್ಡಲ್ಲಿ ಆಗೋದು ಸೀರಿಯಸ್ ರಿಸರ್ಚೇ ಅಲ್ಲ ಅನ್ನೋ ತರ ಮುಖ ಮಾಡಿದ್ರು. ಕೊನೆಗೆ ಒಂದು ರೂಪಾಯಿ ಗ್ರಾಂಟ್ ಇಲ್ದೇ ಶುರು ಮಾಡಿದ್ದು, ಹೇಗಂದ್ರೆ ನಮ್ಮ ರುಮಟಾಲಜಿ (ಸಂಧಿವಾತದಂಥ ಕಾಯಿಲೆ ನೋಡೋ ವಿಭಾಗ) ಕಡೆ ಮುಗಿದ ಇನ್ನೊಂದು ಕೆಲಸದಲ್ಲಿ ಮಿಕ್ಕಿದ್ದ ಲಾಗರ್‌ಗಳಿಂದ.

ಆ ಇನ್ನೊಂದು ಕೆಲಸದ ಬಗ್ಗೆ ಸ್ವಲ್ಪ. ಸ್ಕ್ಲೀರೋಡರ್ಮಾ (ಚರ್ಮ ಗಟ್ಟಿಯಾಗೋ ಕಾಯಿಲೆ) ಮತ್ತೆ ಮಿಕ್ಸೆಡ್ ಕನೆಕ್ಟಿವ್ ಟಿಶ್ಯೂ ಡಿಸೀಸ್ ಇರೋ ಮಕ್ಕಳಿಗೆ ರೇನೋಸ್ (ಚಳಿಗೆ ಬೆರಳಿನ ರಕ್ತನಾಳ ಮುದುಡೋದು) ಕಾಟ ಇದ್ದೇ ಇರುತ್ತೆ, ಬೆರಳ ತುದಿ ಹುಣ್ಣಾಗ್ಬಾರ್ದು ಅಂತ ಗ್ಲೌಸ್ ಹಾಕಿ ಅಂತೀವಿ, ಹಾಕ್ತಾರೋ ಇಲ್ವೋ ನೋಡೋಣ ಅಂತ ಗ್ಲೌಸ್ ಒಳಗೆ ಬಟನ್ ಸೈಜಿನ ಲಾಗರ್ ಹೊಲಿದಿದ್ವಿ. ಪೂರ್ತಿ ಮಣ್ಣು ಪಾಲಾಯ್ತು. ಬೆಚ್ಚಗಿದ್ರೆ ಹಾಕಿದಾರೆ, ತಣ್ಣಗಿದ್ರೆ ತೆಗೆದಿದಾರೆ ಅನ್ನೋ ಲೆಕ್ಕ ಅಲ್ಲಿ ನಡೆಯಲ್ಲ, ಯಾಕಂದ್ರೆ ಅಟ್ಯಾಕ್ ಬಂದಾಗ ರಕ್ತನಾಳ ಮುದುಡಿ ಬೆರಳೇ ತಣ್ಣಗಾಗುತ್ತೆ, ಗ್ಲೌಸ್ ಕೈಯಲ್ಲಿದ್ರೂ ಲಾಗರ್ ಇಲ್ಲ ಅನ್ನುತ್ತೆ. ಆದ್ರೆ ಅದೇ ಸೋಲು ನನಗೆ ದಾರಿ ತೋರಿಸ್ತು. ಬೆರಳಿನ ಚರ್ಮ ಹಾಗಾಡಿದ್ರೂ ಎದೆ ಮೇಲಿನ ಚರ್ಮ ಹಾಗೆ ಆಡಲ್ಲ, ಪ್ಯಾಡ್ ಕೆಳಗೆ 34–35 ಡಿಗ್ರಿ ಆಸುಪಾಸಲ್ಲೇ ಇರುತ್ತೆ.

ಹಾಗಂತ ಮೊದಲನೇ ಬ್ಯಾಚು ಸುಲಭಕ್ಕೆ ಕೆಲಸ ಮಾಡ್ಲಿಲ್ಲ. ಫೋಮ್ ಮೇಲ್ಗಡೆ ಇಟ್ರೆ ಅಂಚು ಚರ್ಮಕ್ಕೆ ಒತ್ತಿ ಕೆಂಪಾಗ್ತಿತ್ತು, ಫೋಮ್ ಹಿಂದೆ ಇಟ್ರೆ ಬಿಸಿ ತಲುಪೋಕೆ ಅರ್ಧ ಗಂಟೆ ಮೇಲೆ ಹೋಗ್ತಿತ್ತು. ಬೆವರಿಗೆ ಕೆಲವು ತುಕ್ಕು ಹಿಡಿದ್ವು. ನಮ್ಮ ಲಾಗರ್ ಮೆಮೊರಿ 2048 ರೀಡಿಂಗು, 15 ನಿಮಿಷಕ್ಕೊಂದು ಅಂತ ಇಟ್ರೆ ಮೂರು ವಾರಕ್ಕೆ ತುಂಬ್ಹೋಗುತ್ತೆ, ಫಾಲೋಅಪ್‌ಗೆ ತಡವಾಗಿ ಬಂದ ಮಗುವಿನ ಕೊನೇ ದಿನಗಳ ಡೇಟಾನೇ ಇಲ್ಲ. 30 ನಿಮಿಷಕ್ಕೊಂದು ಮಾಡಿದ್ಮೇಲೆ ಆರು ವಾರ ಸಿಕ್ತು, ಗಂಟೆ ಲೆಕ್ಕಕ್ಕೆ ಅಷ್ಟು ಧಾರಾಳ ಸಾಕು. ಆಮೇಲೆ ಬಿಸಿಲಲ್ಲಿಟ್ಟ ಬ್ಯಾಗೊಳಗಿನ ಬ್ರೇಸು 35 ಡಿಗ್ರಿ ತೋರಿಸಿ ಮಗು ಇಡೀ ಮಧ್ಯಾಹ್ನ ಹಾಕ್ಕೊಂಡಿತ್ತು ಅಂತ ಸುಳ್ಳು ಹೇಳ್ತು. ಅದಕ್ಕೆ ಹೊರಗಡೆ ಬೆಲ್ಟಿಗೆ ಇನ್ನೊಂದು ಲಾಗರ್, ಒಳಗೂ ಹೊರಗೂ ಎಷ್ಟು ವ್ಯತ್ಯಾಸ ಅಂತ ನೋಡೋದು. ಮೈಮೇಲಿದ್ರೆ ಗ್ರಾಫಿನ ಗೆರೆ ಸಣ್ಣಗೆ ಮೇಲೆ ಕೆಳಗೆ ಆಡ್ತಾ ಇರುತ್ತೆ, ಹೀಟರ್ ಪಕ್ಕ ಇಟ್ಟಿದ್ರೆ ಬೇರೆ ತರ ಇರುತ್ತೆ, ಆ ಎರಡನ್ನ ಬೇರೆ ಮಾಡೋಕೆ ನಾನಿಟ್ಟಿರೋ ಕಟ್‌ಆಫ್ ಏನು ಅಂತ ಇಲ್ಲಿ ಹೇಳಲ್ಲ, ಪ್ಯಾಡ್ ಒಳಗೆ ಲಾಗರ್ ಸೀಲ್ ಮಾಡೋ ರೀತೀನೂ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ.

ಪ್ರೆಶರ್ ಕಡೆ ನಾನು ಹೊಸದೇನೂ ಮಾಡಿಲ್ಲ. ಅರ್ಜೆಂಟೀನಾದ ಸರ್ಜನ್ ಮಾರ್ಟಿನೆಸ್ ಫೆರೋ ಹೇಳಿದ ಹಾಗೇ, ಮೊದಲ ದಿನ ಎದೆ ಸಮ ಮಾಡೋಕೆ ಬೇಕಾಗೋ ಪ್ರೆಶರ್ 7.5 ಪಿಎಸ್‌ಐ (ಚದರ ಇಂಚಿಗೆ ಪೌಂಡ್) ಒಳಗಿದ್ರೆ ಬ್ರೇಸಿಗೆ ತಗೋತೀವಿ, ಟ್ರೀಟ್‌ಮೆಂಟ್ ಪ್ರೆಶರ್ 2.5 ದಾಟಿಸಲ್ಲ. ದಾಟಿಸಿದ್ರೆ ಚರ್ಮ ಹೋಗುತ್ತೆ, ಚರ್ಮ ಹೋದ್ರೆ ಬ್ರೇಸ್ ಬಿಡ್ತಾರೆ, ಬಿಟ್ಟೋರನ್ನ ಮತ್ತೆ ಹಾಕ್ಸೋದು ಬಲು ಕಷ್ಟ. ಸಿಟಿ ಬದಲು ಮೊದ್ಲು ಕ್ಯಾಲಿಪರ್ ಹಿಡಿದ್ವಿ, ಇಬ್ರು ಅಳೆದ್ರೆ ಅರ್ಧ ಸೆಂಟಿಮೀಟರ್ ವ್ಯತ್ಯಾಸ ಬರ್ತಿತ್ತು, ಬದಲಾವಣೆಯೇ ಒಂದೆರಡು ಸೆಂಟಿಮೀಟರ್ ಇರುವಾಗ ಅದನ್ನ ಇಟ್ಕೊಂಡು ಏನು ಮಾಡೋದು. ಈಗ 3ಡಿ ಸರ್ಫೇಸ್ ಸ್ಕ್ಯಾನು, ಉಸಿರು ಪೂರ್ತಿ ಬಿಟ್ಟ ಮೇಲೆ, ಕೈ ಒಂದೇ ಎತ್ತರದಲ್ಲಿ ಇಟ್ಕೊಂಡು. ಉಸಿರು ಎಳೆದಾಗ ತೆಗೆದ ಸ್ಕ್ಯಾನ್ ಎಲ್ಲ ಬಿಸಾಕಿದೀನಿ.

ನಿಜವಾದ ಬದಲಾವಣೆ ಬಂದಿದ್ದು ಗ್ರಾಫನ್ನ ಮಗುವಿಗೇ ತೋರಿಸೋಕೆ ಶುರು ಮಾಡಿದಾಗ. ಮೊದಲನೇ ಗುಂಪಿಗೆ ಲಾಗರ್ ಇರೋದು ಗೊತ್ತಿತ್ತು, ಕನ್ಸೆಂಟ್ ಇಲ್ದೇ ಇಡೋ ಪ್ರಶ್ನೆಯೇ ಇಲ್ಲ, ಆದ್ರೆ ರಿಸಲ್ಟ್ ನಾವೇ ಇಟ್ಕೊಂಡಿದ್ವಿ. ಇಪ್ಪತ್ತು ಗಂಟೆ ಹಾಕ್ಕೊಂಡೆ ಅನ್ನೋರ್ದು ಲಾಗರಲ್ಲಿ ಹತ್ತು ಹನ್ನೊಂದು. ಆಮೇಲಿನೋರಿಗೆ ಪ್ರತಿ ವಿಸಿಟಲ್ಲೂ ಸ್ಕ್ರೀನ್ ತಿರುಗಿಸಿ ನೋಡಪ್ಪಾ ಇದು ನಿಂದು ಅಂತ ತೋರಿಸ್ದೆ, ಬೈಗುಳ ಇಲ್ಲ, ಅಪ್ಪ ಅಮ್ಮ ಆ ಹೊತ್ತಲ್ಲಿ ಹೊರಗೆ. ನೆನಪಿಂದ ಹೇಳೋದಾದ್ರೆ ಹದಿನೈದು ಹದಿನಾರಕ್ಕೆ ಏರ್ತು, ಹತ್ತರಲ್ಲಿ ಏಳೆಂಟು ಮಕ್ಕಳ ಎದೆ ಆರೇಳು ತಿಂಗಳಲ್ಲಿ ಸಮ ಆಗಿ ರಾತ್ರಿ ಮಾತ್ರ ಹಾಕೋ ಹಂತಕ್ಕೆ ಬಂದ್ರು. ಚೆನ್ನಾಗಿ ಹಾಕ್ಕೊಳ್ಳೋ ಮಕ್ಕಳು ಹೇಗೂ ಬೇರೆ ತರದ ಮಕ್ಕಳೇ ಅಲ್ವಾ, ಗಂಟೆಯಿಂದಲೇ ಗುಣ ಆಯ್ತು ಅಂತ ಹೇಗೆ ಹೇಳ್ತೀರಿ ಅಂತ ಕೇಳೋರಿದಾರೆ. ಸರಿಯಾದ ಪ್ರಶ್ನೆ. ಆದ್ರೆ ಒಂದೇ ಮಗು ಪರೀಕ್ಷೆ ತಿಂಗಳಲ್ಲಿ ಗಂಟೆ ಇಳಿಸಿದಾಗ ಸ್ಕ್ಯಾನೂ ಅಲ್ಲೇ ನಿಲ್ಲುತ್ತೆ, ಗಂಟೆ ಮತ್ತೆ ಏರಿಸಿದ್ರೆ ಉಬ್ಬು ಮತ್ತೆ ಇಳಿಯುತ್ತೆ, ಇದನ್ನ ನಾನು ಮತ್ತೆ ಮತ್ತೆ ನೋಡಿದೀನಿ.

ರುಮಟಾಲಜಿ ಪಕ್ಕದಲ್ಲೇ ಇರೋದ್ರಿಂದ ಇನ್ನೊಂದು ಲಾಭ ಆಯ್ತು, ಸರ್ಜನ್‌ಗಳು ದಯವಿಟ್ಟು ಗಮನ ಕೊಡಿ. ಎದೆ ಉಬ್ಬು ಅಂತ ಬಂದೋರೆಲ್ಲ ಕ್ಯಾರಿನೇಟಮ್ ಅಲ್ಲ. ಕ್ಲಾವಿಕಲ್‌ನ (ಕತ್ತಿನ ಕೆಳಗಿನ ಕಾಲರ್ ಮೂಳೆ) ಒಳತುದಿಯಲ್ಲಿ ಒಂದೇ ಕಡೆ ಕೆಲವೇ ವಾರದಲ್ಲಿ ಊದಿ ರಾತ್ರಿ ನೋವು ಅಂದ್ರೆ ಸಿಆರ್‌ಎಂಒ (ಸೋಂಕಿಲ್ಲದೇ ಮೂಳೆಗೆ ಮತ್ತೆ ಮತ್ತೆ ಉರಿಯೂತ ಬರೋ ಕಾಯಿಲೆ) ಯೋಚಿಸಿ, ಟ್ಯೂಮರ್ ಮತ್ತೆ ಇನ್ಫೆಕ್ಷನ್ ಅಲ್ಲ ಅಂತ ಖಚಿತ ಮಾಡ್ಕೊಳ್ಳಿ, ಹೋಲ್ ಬಾಡಿ ಎಂಆರ್‌ಐ ಮಾಡ್ಸಿದ್ರೆ ಬೇರೆ ಕಡೆ ಮೂಳೇಲೂ ಸಿಗ್ಬಹುದು. ಬ್ರೇಸ್ ಹಾಕಿದ್ಮೇಲೆ ಎದೆಮೂಳೆ–ಪಕ್ಕೆಲುಬು ಸಂದಿಯಲ್ಲಿ ನೋವು, ಜೊತೆಗೆ ಬೆಳಗ್ಗೆ ಎದ್ದಾಗ ಬೆನ್ನು ಹಿಮ್ಮಡಿ ಬಿಗಿತ ಇದ್ರೆ ಅದು ಪ್ಯಾಡ್ ನೋವಲ್ಲ, ಎಂತೆಸೈಟಿಸ್ ರಿಲೇಟೆಡ್ ಆರ್ತ್ರೈಟಿಸ್ (ಸ್ನಾಯುರಜ್ಜು ಮೂಳೆಗೆ ಅಂಟೋ ಜಾಗದಲ್ಲೂ ಉರಿಯೂತ ಬರೋ ಮಕ್ಕಳ ಸಂಧಿವಾತ) ಹುಡುಕಿ. ಮಾರ್ಫಿಯಾ (ಚರ್ಮ ಅಲ್ಲಲ್ಲಿ ತೇಪೆಯಾಗಿ ಗಟ್ಟಿಯಾಗೋ ಕಾಯಿಲೆ) ಇರೋ ಮಗುವಿನ ಎದೆ ಒಂದು ಪಕ್ಕ ಒಳಗೆ ಹೋದ ಹಾಗೆ ಕಾಣೋದು ಚರ್ಮ, ಕೊಬ್ಬು ಕರಗಿ, ಅಂತಹ ಚರ್ಮದ ಮೇಲೆ ಬ್ರೇಸ್ ಒತ್ತೋ ಮಾತೇ ಬೇಡ.

ಇದನ್ನೇ ವ್ಯಾಕ್ಯೂಮ್ ಬೆಲ್‌ಗೂ (ಗಾಳಿ ಎಳೆದು ಎದೆಯನ್ನ ಮೇಲಕ್ಕೆತ್ತೋ ರಬ್ಬರ್ ಬಟ್ಟಲು) ಹಾಕೋಣ ಅಂತ ಎಕ್ಸ್‌ಕವೇಟಮ್ (ಎದೆ ಒಳಕ್ಕೆ ಗುಳಿ ಬಿದ್ದಿರೋದು) ಇರೋ ಮಕ್ಕಳಲ್ಲಿ ನೋಡಿದೆ. ಬೆಲ್ ಎದೆ ಮೇಲಿದೆ ಅಂತ ಟೆಂಪರೇಚರ್ ಹೇಳುತ್ತೆ, ಆದ್ರೆ ಗಾಳಿ ಎಳೆದಿದಾರೋ ಸುಮ್ನೆ ಇಟ್ಕೊಂಡಿದಾರೋ ಅದಕ್ಕೆ ಗೊತ್ತಾಗಲ್ಲ. ಅಲ್ಲಿ ಬೇಕಾಗಿರೋದು ಪ್ರೆಶರ್ ಸೆನ್ಸರು, ಅದು ಲಾಗರಿಗಿಂತ ದುಬಾರಿ, ಬೆಲ್‌ನ ರಬ್ಬರಿಗೆ ತೂತು ಮಾಡ್ದೇ ಪಂಪಿನ ಪೈಪಲ್ಲೇ ಟೀ ಜಾಯಿಂಟ್ ಹಾಕಿ ಕೂರಿಸಿ ನೋಡ್ತಾ ಇದೀನಿ, ಸದ್ಯಕ್ಕೆ ರಾತ್ರಿ ಕಳೆಯೋದ್ರೊಳಗೆ ಜಾಯಿಂಟಲ್ಲಿ ಗಾಳಿ ಲೀಕ್ ಆಗ್ತಿದೆ.