ಮೆಣಸಿನ ಬಳ್ಳಿಗೆ ಬೇರು ಬರಿಸುವ ಬ್ಯಾಕ್ಟೀರಿಯಾ

ಫೆಬ್ರವರಿ ಬಂತೆಂದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಕಾಳುಮೆಣಸಿನ ಸಸಿ ಮಾಡುವ ಕೆಲಸ ಶುರು. ಬಳ್ಳಿಯ ತುಂಡಿಗೆ ಬೇಗ ಬೇರು ಬರಲಿ ಅಂತ ಬಹಳ ಜನ ಅಂಗಡಿಯ ಹಾರ್ಮೋನು ಪುಡಿ ಹಚ್ಚುತ್ತಾರೆ. ಆ ಕೆಲಸಕ್ಕೆ ಮಣ್ಣಿನ ಬ್ಯಾಕ್ಟೀರಿಯಾವನ್ನೂ ಹಚ್ಚಬಹುದು. ಪುಡಿ ಒಮ್ಮೆ ಹಚ್ಚಿದರೆ ಮುಗಿಯಿತು. ಬ್ಯಾಕ್ಟೀರಿಯಾ ಹಾಗಲ್ಲ, ಬೇರಿನ ಪಕ್ಕದಲ್ಲೇ ಉಳಿದು ಸ್ವಲ್ಪ ಸ್ವಲ್ಪವೇ ಹಾರ್ಮೋನು ಮಾಡುತ್ತಿರುತ್ತದೆ. ಆದರೆ ಅದು ಜೀವ ಇರುವ ವಸ್ತು. ಅದನ್ನು ಸಾಯದಂತೆ ನೋಡಿಕೊಂಡರೆ ಅರ್ಧ ಕೆಲಸ ಆದಂತೆ.

ಬೇರಿನಿಂದ ಸಕ್ಕರೆಯ ಅಂಶ, ಅಮೈನೋ ಆಮ್ಲಗಳು ಮಣ್ಣಿಗೆ ಸೋರುತ್ತಲೇ ಇರುತ್ತವೆ. ಅವುಗಳಲ್ಲಿ ಟ್ರಿಪ್ಟೊಫಾನ್ ಒಂದು. ಅಜೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾ ಇದನ್ನು ತಿಂದು ಇಂಡೋಲ್ ಅಸಿಟಿಕ್ ಆಸಿಡ್ ಮಾಡುತ್ತದೆ. ಗಿಡ ತಾನೇ ಮಾಡಿಕೊಳ್ಳುವ ಆಕ್ಸಿನ್ ಹಾರ್ಮೋನೂ ಇದೇ. ಇದರಿಂದ ಪಕ್ಕದ ಬೇರುಗಳು ಜಾಸ್ತಿ ಒಡೆಯುತ್ತವೆ, ಬೇರಿನ ಮೇಲಿನ ಸಣ್ಣ ರೋಮಗಳು ದಟ್ಟವಾಗುತ್ತವೆ. ಗಾಳಿಯ ಸಾರಜನಕವನ್ನು ಹಿಡಿಯುವ ಶಕ್ತಿಯೂ ಈ ಬ್ಯಾಕ್ಟೀರಿಯಾಕ್ಕಿದೆ.

ಯಾವ ಬ್ಯಾಕ್ಟೀರಿಯಾ ಹಾರ್ಮೋನು ಮಾಡುತ್ತದೆ ಎಂದು ಗೊತ್ತಾಗುವುದು ಹೇಗೆ? ಲ್ಯಾಬಿನಲ್ಲಿ ಟ್ರಿಪ್ಟೊಫಾನ್ ಹಾಕಿದ ದ್ರವದಲ್ಲಿ ಅದನ್ನು ಬೆಳೆಸುತ್ತಾರೆ. ಮೇಲಿನ ತಿಳಿಗೆ ಸಾಲ್ಕೋವ್‌ಸ್ಕಿ ದ್ರಾವಣ ಬೆರೆಸಿ ಕತ್ತಲಲ್ಲಿ ಅರ್ಧ ಗಂಟೆ ಇಡುತ್ತಾರೆ. ಹಾರ್ಮೋನು ಇದ್ದರೆ ಟ್ಯೂಬು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಗಾಢವಾದಷ್ಟೂ ಹಾರ್ಮೋನು ಹೆಚ್ಚು. ಈ ದ್ರಾವಣದಲ್ಲಿ ತೀಕ್ಷ್ಣ ಆಮ್ಲ ಇರುವುದರಿಂದ ಇದು ಮನೆಯಲ್ಲಿ ಮಾಡುವ ಪರೀಕ್ಷೆಯಲ್ಲ.

ಈಗ ನಮ್ಮ ಕೆಲಸ. ಮೊದಲು ಅಜೋಸ್ಪಿರಿಲಮ್ ಪುಡಿಯ ಪ್ಯಾಕೆಟ್. ತಯಾರಾದ ದಿನ, ಅವಧಿ ಮುಗಿಯುವ ದಿನ ಎರಡನ್ನೂ ನೋಡಿ. ಸರ್ಕಾರದ ನಿಯಮದ ಪ್ರಕಾರ ಒಂದು ಗ್ರಾಂ ಪುಡಿಯಲ್ಲಿ ಕನಿಷ್ಠ 5 ಕೋಟಿ ಜೀವಂತ ಬ್ಯಾಕ್ಟೀರಿಯಾ ಇರಬೇಕು. ಬಿಸಿಲು ಬೀಳುವ ಕಡೆ ಜೋಡಿಸಿಟ್ಟ ಪ್ಯಾಕೆಟ್ ಬೇಡವೇ ಬೇಡ. ತಂದ ಮೇಲೆ ಮನೆಯಲ್ಲೂ ತಂಪಾದ ಕಡೆ ಇಡಿ. ಗೊಬ್ಬರ, ಔಷಧಿಯ ಜೊತೆ ಒಂದೇ ಮೂಲೆಗೆ ಹಾಕಬೇಡಿ.

ತೊಟ್ಟೆಗೆ, ಅಂದರೆ ಸಸಿ ಮಾಡುವ ಪ್ಲಾಸ್ಟಿಕ್ ಚೀಲಕ್ಕೆ, ಎರಡು ಪಾಲು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ ತುಂಬಿ. ರೋಗ ಬರದಿರಲಿ ಎಂದು ಈ ಮಣ್ಣನ್ನು ಪ್ಲಾಸ್ಟಿಕ್ ಹೊದಿಸಿ ಬಿಸಿಲಿಗೆ ಕಾಯಿಸುವವರು ಆ ಕೆಲಸವನ್ನು ಮೊದಲೇ ಮುಗಿಸಿಕೊಳ್ಳಿ. ಬ್ಯಾಕ್ಟೀರಿಯಾ ಸೇರಿಸಿದ ಮೇಲೆ ಕಾಯಿಸಿದರೆ ಎಲ್ಲ ಹಾಳು.

ರೋಗವಿಲ್ಲದ, ಚೆನ್ನಾಗಿ ಕಾಯಿ ಬಿಡುವ ಬಳ್ಳಿಯ ಬುಡದಿಂದ ಹೊರಟ ಹಬ್ಬು ಬಳ್ಳಿ ಆರಿಸಿ. ತೀರಾ ಎಳೆಯ ತುದಿ ಬಿಟ್ಟು, ಎರಡು ಮೂರು ಗೆಣ್ಣು ಇರುವ ತುಂಡು ಮಾಡಿ, ಎಲೆ ತೆಗೆಯಿರಿ. 200 ಗ್ರಾಂ ಅಜೋಸ್ಪಿರಿಲಮ್ ಪುಡಿಯನ್ನು 8 ಲೀಟರ್ ಬಾವಿ ನೀರಿಗೆ ಕಲಸಿ. ಕ್ಲೋರಿನ್ ಹಾಕಿದ ನಲ್ಲಿ ನೀರು ಬೇಡ. ತುಂಡುಗಳ ಬುಡವನ್ನು ಇದರಲ್ಲಿ ಅರ್ಧ ಗಂಟೆ ಅದ್ದಿಡಿ. ಪುಡಿ ತಳಕ್ಕೆ ಕೂರುತ್ತದೆ, ನಡುನಡುವೆ ಕೈಯಾಡಿಸಿ. ಒಂದು ಗೆಣ್ಣಾದರೂ ಮಣ್ಣೊಳಗೆ ಇರುವಂತೆ ತಕ್ಷಣ ನೆರಳಲ್ಲಿ ನೆಡಿ. ಉಳಿದ ನೀರನ್ನು ಚೆಲ್ಲಬೇಡಿ, ತೊಟ್ಟೆಗಳಿಗೇ ಹಾಕಿ. ಜಾಸ್ತಿ ಹಾಕಿದರೆ ಜಾಸ್ತಿ ಬೇರು ಬರುತ್ತದೆ ಅನ್ನುವ ಲೆಕ್ಕ ಮಾತ್ರ ಇಲ್ಲಿ ನಡೆಯುವುದಿಲ್ಲ. ಆಕ್ಸಿನ್ ಮಿತಿ ಮೀರಿದರೆ ಬೇರು ಉದ್ದವಾಗುವುದೇ ನಿಲ್ಲುತ್ತದೆ.

ನಮ್ಮ ಕಡೆ ದೊಡ್ಡ ತೊಡಕು ಅಂದರೆ ಮೈಲುತುತ್ತ, ಸುಣ್ಣ ಸೇರಿಸಿ ಮಾಡುವ ಬೋರ್ಡೋ ದ್ರಾವಣ. ಅಡಿಕೆಯ ಕೊಳೆರೋಗಕ್ಕೂ ಮೆಣಸಿನ ಸೊರಗು ರೋಗಕ್ಕೂ ಅದು ಬೇಕು. ಆದರೆ ಅದರಲ್ಲಿರುವ ತಾಮ್ರ ಬ್ಯಾಕ್ಟೀರಿಯಾವನ್ನೂ ಕೊಲ್ಲುತ್ತದೆ. ಹಾಗಂತ ಔಷಧಿ ಬಿಡಬೇಡಿ, ಸೊರಗು ರೋಗ ಬಂದರೆ ಬಳ್ಳಿಯೇ ಹೋಗುತ್ತದೆ, ಅಲ್ವಾ? ಬುಡಕ್ಕೆ ತಾಮ್ರದ ಔಷಧಿ ಸುರಿದಿದ್ದರೆ ಎರಡು ಮೂರು ವಾರ ಬಿಟ್ಟು, ಗೊಬ್ಬರದಲ್ಲಿ ಬೆರೆಸಿ ಬ್ಯಾಕ್ಟೀರಿಯಾವನ್ನು ಮತ್ತೆ ಕೊಡಿ. ಸುಣ್ಣಕ್ಕೂ ಇದೇ ಅಂತರ ಇರಲಿ. ಮಳೆಗೆ ಸುಣ್ಣದ ಅಂಶ ತೊಳೆದುಹೋಗಿ ಮಲೆನಾಡಿನ ಮಣ್ಣು ಹುಳಿಯಾಗಿರುತ್ತದೆ. ತೀರಾ ಹುಳಿ ಮಣ್ಣಿನಲ್ಲಿ ಅಜೋಸ್ಪಿರಿಲಮ್ ಚೆನ್ನಾಗಿ ಬೆಳೆಯುವುದಿಲ್ಲ. ಆದ್ದರಿಂದ ಮಣ್ಣು ಪರೀಕ್ಷೆ ಮಾಡಿಸಿ, ಅದರಂತೆ ಸುಣ್ಣ ಹಾಕಿ.

ಒಂದು ಸಾಲನ್ನು ಬ್ಯಾಕ್ಟೀರಿಯಾ ಇಲ್ಲದೆ ಸುಮ್ನೆ ನೀರಲ್ಲಿ ಅದ್ದಿ ನೆಡಿ. ಆ ತೊಟ್ಟೆಗಳ ಮೇಲೆ ಗುರುತು ಹಾಕಿಡಿ. ಒಂದೂವರೆ ತಿಂಗಳಾದ ಮೇಲೆ ಎರಡೂ ಕಡೆಯಿಂದ ನಾಲ್ಕೈದು ತೊಟ್ಟೆ ಬಿಚ್ಚಿ, ಮಣ್ಣನ್ನು ನೀರಲ್ಲಿ ನಿಧಾನ ತೊಳೆದು ಬೇರು ಹೋಲಿಸಿ. ವ್ಯತ್ಯಾಸ ಕಾಣದಿದ್ದರೆ ಮುಂದಿನ ಸಲ ಪ್ಯಾಕೆಟನ್ನು ಬೇರೆ ಕಡೆ ತನ್ನಿ. ಕಂಡರೆ, ಮಳೆ ಹಿಡಿದ ಮೇಲೆ ತೋಟದಲ್ಲಿ ನೆಡುವಾಗ ಗುಂಡಿಯ ಗೊಬ್ಬರಕ್ಕೂ ಸ್ವಲ್ಪ ಬೆರೆಸಿ.